ಸಂಮಾನವೂ ಅಧಿಕಾರವೂ: ಕನ್ನಡ ಕವಯಿತ್ರಿಯರ ವಿಚಾರ

ಕನ್ನಡ ಸಾಹಿತ್ಯಕ್ಕೆ ಸ್ತ್ರೀಯರು ಮಾಡಿರುವ ಉಪಕಾರವನ್ನು ಕೊಂಡಾಡುವುದರಲ್ಲಿ ಈಗ ಯಾರೂ ಹಿಂದೆಗೆಯುವುದಿಲ್ಲ. ಸಭೆಗಳಲ್ಲಿ ಅಕ್ಕಮಹಾದೇವಿಯ ಹೆಸರು ಮೊಳಗುತ್ತದೆ. ಸಂಚಿಯ ಹೊನ್ನಮ್ಮನ ಒಂದೆರಡು ಪದ್ಯಗಳು ಎಲ್ಲರಿಗೂ ಬಾಯಿಪಾಠವಾಗಿವೆ. ಆದರೆ ಸಂಮಾನವು ಬೇರೆ, ಅಧಿಕಾರವು ಬೇರೆ. ಸಂಮಾನವನ್ನು ಕೊಟ್ಟವರು ಮರುದಿನ ಮರೆಯಬಹುದು. ಅಧಿಕಾರವಾದರೋ ಅರ್ಹತೆಯಿಂದ ಸಿದ್ಧವಾದದ್ದು, ಅದನ್ನು ತಡೆದವರು ಕಾರಣ ಹೇಳಬೇಕಾಗುತ್ತದೆ. ಇವೆರಡನ್ನೂ ಒಂದೆಂದು ಎಣಿಸಿದುದರಿಂದ ನಮ್ಮ ವಿಮರ್ಶೆಗೂ ನಮ್ಮ ಸಂಸ್ಥೆಗಳಿಗೂ ಒಂದೇ ಬಗೆಯ ದೋಷವು ತಟ್ಟಿದೆಯೆಂಬುದನ್ನು ಇಲ್ಲಿ ನಿರೂಪಿಸುವೆವು.

ಅಧಿಕಾರದ ಸ್ವರೂಪವನ್ನು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯವು ವಿಚಾರಿಸುತ್ತದೆ. ಯಾಗವನ್ನು ವಿಧಿಸುವ ವಾಕ್ಯದಲ್ಲಿ ಕರ್ತೃವನ್ನು ಹೇಳುವ ಪದವು ಪುಲ್ಲಿಂಗದಲ್ಲಿರುವುದರಿಂದ ಪುರುಷನಿಗೆ ಮಾತ್ರವೇ ಅಧಿಕಾರವೆಂಬುದು ಐತಿಶಾಯನನ ಪಕ್ಷ. ಜೈಮಿನಿಯು ಬಾದರಾಯಣನ ಮತವನ್ನು ಮುಂದಿಟ್ಟು ಇದನ್ನು ನಿರಾಕರಿಸುತ್ತಾನೆ. ಅಲ್ಲಿ ಲಿಂಗವು ವಿವಕ್ಷಿತವಲ್ಲ. ಫಲವನ್ನು ಬಯಸುವವರೆಲ್ಲರೂ ಉದ್ದಿಷ್ಟರು. ಆದುದರಿಂದ ಸ್ತ್ರೀಯೂ ಅಧಿಕಾರಿಣಿಯೇ. ಸ್ತ್ರೀಗೆ ದ್ರವ್ಯವಿಲ್ಲವೆಂಬ ಆಕ್ಷೇಪವೂ ಅಲ್ಲಿಯೇ ಪರಿಹೃತವಾಗಿದೆ. ಮುಂದೆ ಪತ್ನಿಯು ಮಾಡತಕ್ಕ ಕ್ರಿಯೆಗಳನ್ನು ಸಂಕೋಚಗೊಳಿಸಿರುವುದು ನಿಜ. ಅದಕ್ಕೆ ಶಬರಸ್ವಾಮಿಯು ಕೊಡುವ ಕಾರಣಗಳಲ್ಲಿ ಆಕೆಗೆ ವಿದ್ಯೆಯಿಲ್ಲವೆಂಬುದು ಒಂದು. ಈ ಕಾರಣವು ಸ್ವಭಾವದಿಂದ ಬಂದುದಲ್ಲ. ವಿದ್ಯೆಯನ್ನು ಕೊಡದೆ ಹೋದುದರಿಂದ ಬಂದುದು. ಕಾರಣವು ಅಳಿದ ಮೇಲೂ ಸಂಕೋಚವನ್ನು ಉಳಿಸಿಕೊಳ್ಳುವುದು ಯಾವ ಶಾಸ್ತ್ರದ ನ್ಯಾಯವೂ ಅಲ್ಲ.

ಈ ನ್ಯಾಯವನ್ನು ಮೊದಲು ವಿಮರ್ಶೆಯಲ್ಲಿ ಅನ್ವಯಿಸಿ ನೋಡೋಣ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅಕ್ಕನನ್ನು ಕಂಡೊಡನೆ ಹೊಗಳುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆಯನ್ನಿಡುತ್ತಾನೆ. ಆಕೆಯ ಉತ್ತರಗಳನ್ನು ತೂಗಿ ನೋಡಿದ ಬಳಿಕವೇ ಶರಣರು ಆಕೆಗೆ ತಲೆಬಾಗುತ್ತಾರೆ. ಪರೀಕ್ಷೆಗೆ ಯೋಗ್ಯಳೆಂದು ಎಣಿಸಿದುದೇ ಅಲ್ಲಿ ಮೊದಲನೆಯ ಗೌರವ. ನಮ್ಮ ಸಾಹಿತ್ಯಚರಿತ್ರೆಗಳಾದರೋ ಸ್ತ್ರೀಯರನ್ನು “ಕವಯಿತ್ರಿಯರು” ಎಂಬ ಬೇರೊಂದು ಪ್ರಕರಣದಲ್ಲಿ ಕೂರಿಸಿ, ನಾಲ್ಕು ಒಳ್ಳೆಯ ಮಾತನ್ನಾಡಿ, ಮುಂದಕ್ಕೆ ಸಾಗುವುದೇ ಹೆಚ್ಚು.

ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನು ಒಂಬತ್ತು ಸಂಧಿಗಳ “ಹದಿಬದೆಯ ಧರ್ಮ”ವನ್ನು ಸಾಂಗತ್ಯದಲ್ಲಿ ರಚಿಸಿದಳು. ಇದರ ಬಹುಭಾಗವು ಪತಿವ್ರತೆಯ ನಡೆವಳಿಯ ಉಪದೇಶ. ನಡುವೆ ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಖಂಡಿಸುವ ಪದ್ಯಗಳು ಬರುತ್ತವೆ. ಸಭೆಗಳಲ್ಲಿ ಕೇಳಿಬರುವುದು ಈ ಖಂಡನೆ ಮಾತ್ರ. ಇವೆರಡೂ ಒಂದೇ ಗ್ರಂಥದಲ್ಲಿ ಹೇಗೆ ಹೊಂದುವುವೆಂದು ಕೇಳುವವರು ವಿರಳ. ಧರ್ಮದ ಭಾರವನ್ನು ಹೊತ್ತವಳನ್ನು ತಿರಸ್ಕರಿಸುವುದು ಅಧರ್ಮವೆಂಬುದೇ ಆಕೆಯ ವಾದಸರಣಿಯೆಂದು ನಮಗೆ ತೋರುತ್ತದೆ. ಹಾಗಾದರೆ ಉಪದೇಶಭಾಗವು ಆ ವಾದಕ್ಕೆ ಪೀಠಿಕೆಯಾಗುತ್ತದೆ. ಉಪದೇಶದ ಭಾರದಿಂದ ರಸವು ಸೊರಗಿದ ಎಡೆಗಳೂ ಉಂಟು. ಅದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ರತ್ನಾಕರವರ್ಣಿಯ ಸಾಂಗತ್ಯದ ಪಕ್ಕದಲ್ಲಿ ಆಕೆಯ ಸಾಂಗತ್ಯವನ್ನಿಟ್ಟು ಗುಣದೋಷಗಳನ್ನು ವಿವೇಚಿಸಿದಾಗಲೇ ಆಕೆಯನ್ನು ಕವಿಯೆಂದು ಒಪ್ಪಿದಂತಾಗುತ್ತದೆ.

ಇನ್ನು ಸಂಸ್ಥೆಗಳ ವಿಚಾರ. ಕನ್ನಡ ಸಾಹಿತ್ಯ ಪರಿಷತ್ತೂ ಸಮ್ಮೇಳನಗಳೂ 1915ರಲ್ಲಿ ಮೊದಲಾದುವು. ಸಮ್ಮೇಳನದ ಅಧ್ಯಕ್ಷಪೀಠವು ಒಬ್ಬ ಸ್ತ್ರೀಗೆ ದೊರೆತುದು 59 ವರ್ಷಗಳ ಮೇಲೆ, 1974ರಲ್ಲಿ ಮಂಡ್ಯದಲ್ಲಿ ಸೇರಿದ 48ನೆಯ ಸಮ್ಮೇಳನದಲ್ಲಿ. ಆ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆ. ಆಮೇಲೆ 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಮೂಡಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ. 2024ರಲ್ಲಿ ಮಂಡ್ಯದಲ್ಲಿ ಸೇರಿದುದರವರೆಗೆ ಲೆಕ್ಕವಿಟ್ಟರೆ 87ರಲ್ಲಿ 4. ಮುಂದಿನ ಸಮ್ಮೇಳನಕ್ಕೆ 2025ರಲ್ಲಿ ಬಾನು ಮುಷ್ತಾಕ್ ಅವರನ್ನು ಆರಿಸಿದುದು ಸಂತೋಷದ ಸಂಗತಿ. ಆದರೆ ಸಮ್ಮೇಳನದ ಅಧ್ಯಕ್ಷತೆಯು ಕೆಲವು ದಿನಗಳ ಸಂಮಾನ. ನಿಧಿ, ಪ್ರಕಟನೆ, ಸಮಿತಿಗಳ ಮೇಲೆ ವರ್ಷಗಳ ಕಾಲ ನಡೆಯುವ ಅಧಿಕಾರವು ಪರಿಷತ್ತಿನ ಅಧ್ಯಕ್ಷಸ್ಥಾನದಲ್ಲಿದೆ. ಎಚ್. ವಿ. ನಂಜುಂಡಯ್ಯನವರು ಮೊದಲ್ಗೊಂಡು 2021ರ ಚುನಾವಣೆಯವರೆಗೆ ಆ ಸ್ಥಾನಕ್ಕೆ ಒಬ್ಬ ಸ್ತ್ರೀಯೂ ಬಂದಿಲ್ಲ.

“ನಾವು ಯೋಗ್ಯತೆಯನ್ನು ನೋಡುತ್ತೇವೆ, ಲಿಂಗವನ್ನಲ್ಲ” ಎಂದು ಪೂರ್ವಪಕ್ಷವು ಹೇಳಬಹುದು. ಲಿಂಗವು ನಿಜವಾಗಿ ಅವಿವಕ್ಷಿತವಾಗಿದ್ದರೆ ಒಂದು ಶತಮಾನಕ್ಕೂ ಮಿಕ್ಕಿ ಒಂದೇ ಲಿಂಗದವರು ಬರುತ್ತಿರಲಿಲ್ಲ. ಫಲದಿಂದ ವಿವಕ್ಷೆಯನ್ನು ಊಹಿಸಬೇಕಾಗುತ್ತದೆ. ಯೋಗ್ಯತೆಯ ಅಭಾವವನ್ನಂತೂ ಹೇಳುವಂತಿಲ್ಲ. ಪರಿಷತ್ತು ಹುಟ್ಟುವುದಕ್ಕೆ ಮೊದಲೇ, 1913ರಲ್ಲಿ, ನಂಜನಗೂಡು ತಿರುಮಲಾಂಬೆಯವರು “ಸತೀಹಿತೈಷಿಣೀ” ಗ್ರಂಥಮಾಲೆಯನ್ನು ತೊಡಗಿದ್ದರು. ಮುಂದೆ “ಕರ್ನಾಟಕ ನಂದಿನಿ” ಪತ್ರಿಕೆಯ ಸಂಪಾದಕತ್ವವನ್ನೂ ನಡೆಸಿದರು. ಬರೆಯುವ, ಅಚ್ಚುಹಾಕಿಸುವ, ಓದುಗರನ್ನು ಕೂಡಿಸುವ ಹೊಣೆಗಳನ್ನು ಹೊತ್ತವರು ಒಂದು ಸಂಸ್ಥೆಯನ್ನು ನಡೆಸಲಾರರೆಂಬುದಕ್ಕೆ ಪ್ರಮಾಣವೆಲ್ಲಿ?

ಎರಡು ದೋಷಗಳಿಗೂ ಮೂಲವೊಂದೇ ಎಂಬುದಕ್ಕೆ ಲಿಗಾಡೆಯವರೇ ನಿದರ್ಶನ. “ಪ್ರಥಮ ಮಹಿಳಾ ಅಧ್ಯಕ್ಷೆ”ಯೆಂದು ಅವರನ್ನು ನೆನೆಯುವವರು ಬಹಳ ಮಂದಿ. ಬೀಸುವ ಕಲ್ಲಿನ ಹಾಡಿಗೆ ಒದಗುತ್ತಿದ್ದ ತ್ರಿಪದಿಯಲ್ಲಿ ಅವರು ಸಿದ್ಧರಾಮನ ಪುರಾಣವನ್ನೇ ಕಟ್ಟಿದರಲ್ಲಾ, ಆ ಸಣ್ಣ ಮಟ್ಟು ಅಷ್ಟು ದೀರ್ಘವಾದ ಕಥನವನ್ನು ಹೇಗೆ ತಾಳಿತೆಂದು ಪರಿಶೀಲಿಸಿದವರು ಕೆಲವರೇ. ಪೀಠವು ದೊರೆಯಿತು, ಓದು ದೊರೆಯಲಿಲ್ಲ. ಆದುದರಿಂದ ಅಧ್ಯಾಪಕರು ಹೊನ್ನಮ್ಮನನ್ನು ಸಾಂಗತ್ಯದ ಪಾಠದಲ್ಲಿಯೂ, ತಿರುಮಲಾಂಬೆಯವರನ್ನು ಕಾದಂಬರಿಯ ಪಾಠದಲ್ಲಿಯೂ, ಲಿಗಾಡೆಯವರನ್ನು ತ್ರಿಪದಿಯ ಪಾಠದಲ್ಲಿಯೂ ಹೇಳಿಕೊಡಬೇಕು. ಸಂಸ್ಥೆಗಳು ಕಾರ್ಯಸಮಿತಿ, ಸಂಪಾದಕಮಂಡಲಿ, ಬಹುಮಾನಗಳ ನಿರ್ಣಾಯಕಸಮಿತಿ ಇವುಗಳಲ್ಲಿ ಸ್ತ್ರೀಯರಿಗೆ ಸಲ್ಲತಕ್ಕ ಸ್ಥಾನವನ್ನು ಸಲ್ಲಿಸಬೇಕು. ಶಾಲುಹಾರಗಳನ್ನು ಆಮೇಲೆ ತಂದರೂ ಆದೀತು.