ಅಳೆದು ನೋಡುವ ಮಾಟಗಾತಿ

ಮಾಟಗಾತಿಯ ಕಥೆಯೆಂದರೆ ಮಕ್ಕಳನ್ನು ಹೆದರಿಸುವ ಕಥೆ ಎಂದೇ ನಮ್ಮಲ್ಲಿ ರೂಢಿ. ಇಂಗ್ಲೆಂಡಿನ ಹಾಸ್ಯ ಲೇಖಕ ಟೆರ್ರಿ ಪ್ರಾಚೆಟ್ (1948-2015) ಅವರ 'ದಿ ವೀ ಫ್ರೀ ಮೆನ್' (2003) ಕಾದಂಬರಿಯಾದರೋ, ಆ ಹೆದರಿಕೆ ಹುಟ್ಟುವುದಾದರೂ ಎಲ್ಲಿ ಎಂದು ನಗಿಸುತ್ತಲೇ ಕೇಳುತ್ತದೆ.

ಟಿಫನಿ ಒಂಬತ್ತು ವರ್ಷದ, ಕುರಿ ಸಾಕುವವರ ಮನೆಯ ಹುಡುಗಿ. ಅವಳ ಪುಟ್ಟ ತಮ್ಮನನ್ನು ಕಿನ್ನರಲೋಕದ ರಾಣಿ ಅಪಹರಿಸುತ್ತಾಳೆ. ಹುಡುಗಿ ಬಾಣಲೆಯೊಂದನ್ನೇ ಆಯುಧವಾಗಿ ಹಿಡಿದು ಹುಡುಕಲು ಹೊರಡುತ್ತಾಳೆ. ಜೊತೆಗೆ ಆರಿಂಚು ಎತ್ತರದ, ನೀಲಿ ಮೈಯ ಕುಳ್ಳರ ಪಡೆ. ಕಳ್ಳತನ, ಜಗಳಗಳಲ್ಲೇ ಬದುಕುವ ಇವರು ಹೆದರುವುದು ವಕೀಲರಿಗೆ!

ಇದರೊಳಗೊಂದು ಪತ್ತೇದಾರಿ ಕಥೆಯೂ ಇದೆ. ಊರ ಒಡೆಯನ ಮಗ ಕಾಣೆಯಾಗಿರುತ್ತಾನೆ. ಒಂಟಿಯಾಗಿದ್ದ ಬೊಚ್ಚುಬಾಯಿಯ ಮುದುಕಿಯ ಮೇಲೆ ಜನರ ಅನುಮಾನ. ಅವಳ ಬೆಕ್ಕನ್ನು ಕಲ್ಲೆಸೆದು ಕೊಂದು, ಪುಸ್ತಕಗಳ ಸಮೇತ ಮನೆಯನ್ನು ಸುಡುತ್ತಾರೆ. ಆಶ್ರಯವಿಲ್ಲದೆ ಆಕೆ ಹಿಮದಲ್ಲಿ ಸಾಯುತ್ತಾಳೆ. ಕಥೆಗಳ ಮಾಟಗಾತಿಯರು ಮಕ್ಕಳನ್ನು ಒಲೆಗೆ ಹಾಕುತ್ತಾರಷ್ಟೆ. ಟಿಫನಿ ಹೋಗಿ ಈ ಮುದುಕಿಯ ಒಲೆಯನ್ನು ಅಳೆದು ನೋಡುತ್ತಾಳೆ. ಒಬ್ಬ ಮನುಷ್ಯ ಹಿಡಿಸುವಷ್ಟು ಅದು ದೊಡ್ಡದಿಲ್ಲ. ಊರಿನ ಹಿರಿಯರಿಗೆ ಹೊಳೆಯದ ಕೆಲಸವನ್ನು ಮಗುವೊಂದು ಮಾಡುತ್ತದೆ. ಇನ್ನಾರಿಗೂ ಹೀಗಾಗಬಾರದೆಂದೇ ಅವಳು ತಾನೇ ಮಾಟಗಾತಿಯಾಗಲು ನಿಶ್ಚಯಿಸುತ್ತಾಳೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರಿಗೆ ಈ ಊರು ಪರಕೀಯವೆನಿಸದು. ಬೋಳು ಗುಡ್ಡ, ಕುರಿಮಂದೆ, ಕುರಿಯ ರೋಗಕ್ಕೆ ಮದ್ದು ಬಲ್ಲ ಅಜ್ಜಿ ಎಲ್ಲವೂ ನಮ್ಮಲ್ಲಿವೆ. ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅನುಭವಸ್ಥ ಮುದುಕಿಯನ್ನು ಗೌರವಿಸಬಲ್ಲ ಸಮಾಜವೇ ದಿಕ್ಕಿಲ್ಲದ ಮುದುಕಿಯನ್ನು ಶಂಕಿಸುತ್ತದೆ. ಹಸು ಹಾಲು ಕಡಿಮೆ ಮಾಡಿದರೆ, ಮಗು ರಾತ್ರಿಯಿಡೀ ಅತ್ತರೆ ಒಬ್ಬರ ಮನೆಯಲ್ಲಿ ಅದು ದೃಷ್ಟಿ, ಇನ್ನೊಬ್ಬರ ಮನೆಯಲ್ಲಿ ನಜರ್. ಬೊಟ್ಟು ತೋರುವುದು ಮಾತ್ರ ಇಬ್ಬರೂ ಬಡ ವಿಧವೆಯ ಕಡೆಗೇ. ರಾಜ್ಯದ ಮಾಟ ಮಂತ್ರ ಪ್ರತಿಬಂಧಕ ಕಾಯ್ದೆ 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವವರನ್ನು ಅದು ಶಿಕ್ಷಿಸೀತು. ಆದರೆ ನೆರೆಮನೆಯವಳ ಮೇಲಿನ ಪಿಸುಮಾತನ್ನು ಅಳೆದು ನೋಡುವ ಬುದ್ಧಿಯನ್ನು ಮನೆಯಲ್ಲೇ ಕಲಿಸಬೇಕು.

ಕಾದಂಬರಿಯಲ್ಲಿ ದೋಷಗಳಿಲ್ಲವೆಂದಲ್ಲ. ಕಿನ್ನರಲೋಕದಲ್ಲಿ ಕನಸಿನೊಳಗೆ ಕನಸು ಬೆಳೆದು ಓಟ ಕುಂಟುತ್ತದೆ. ಕುಳ್ಳರ ಕುಡಿತ, ಹೊಡೆದಾಟದ ನಗೆ ಮತ್ತೆ ಮತ್ತೆ ಬಂದು ಸಪ್ಪೆಯಾಗುತ್ತದೆ. ಅವರಾಡುವ ಸ್ಕಾಟ್ಲೆಂಡಿನ ಒರಟು ನುಡಿ ಇಂಗ್ಲಿಷ್ ಬಲ್ಲವರಿಗೂ ತೊಡಕು. ಕನ್ನಡಕ್ಕೆ ತರುವವರು ಅದನ್ನು ಗ್ರಾಂಥಿಕ ಭಾಷೆಗೆ ಇಳಿಸಿದರೆ ಪುಸ್ತಕದ ಜೀವವೇ ಹೋದೀತು. ಕನ್ನಡ, ತೆಲುಗು, ದಖ್ಖನಿ ಉರ್ದು ಒಂದೇ ಉಸಿರಿನಲ್ಲಿ ಬೆರೆಯುವ ಶ್ರೀನಿವಾಸಪುರದ ಮಾವಿನ ಮಂಡಿಯ ಮಾತು ಈ ಕುಳ್ಳರ ಬಾಯಿಗೆ ಚೆನ್ನಾಗಿ ಒಗ್ಗೀತು.

ಕೊನೆಯಲ್ಲಿ ಟಿಫನಿ ತಮ್ಮನನ್ನೂ, ಕಾಣೆಯಾಗಿದ್ದ ಹುಡುಗನನ್ನೂ ಕರೆತರುತ್ತಾಳೆ. ಆದರೆ ಹುಡುಗನೇ ಅವಳನ್ನು ಕಾಪಾಡಿದನೆಂದು ದೊಡ್ಡವರು ನಂಬುತ್ತಾರೆ. ಮುದುಕಿಯ ವಿಷಯದಲ್ಲಿ ಎಡವಿದ ಊರು ಇಲ್ಲಿಯೂ ವಿಚಾರಿಸದೆ ತೀರ್ಪು ಕೊಡುತ್ತದೆ. ಪ್ರಾಚೆಟ್ ಇದನ್ನು ಉಪದೇಶವಾಗಿಸದೆ ನಗೆಯಲ್ಲೇ ಬಿಟ್ಟಿದ್ದಾರೆ. ಹೆಣ್ಣುಮಕ್ಕಳು ಓದಬೇಕಾದ ಪುಸ್ತಕವಿದು. ಅವರ ಹೆತ್ತವರೂ ಓದಲಿ.