ಮಗನಿಗಾಗಿ ಕಾದಿಟ್ಟ ಕುರ್ಚಿ

ಹಾಸನ ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳು ಏಳು. 2008ರಿಂದ 2023ರವರೆಗೆ ನಡೆದ ಸಾರ್ವತ್ರಿಕ ಚುನಾವಣೆಗಳು ನಾಲ್ಕು. ಒಟ್ಟು 28 ಗೆಲುವುಗಳಲ್ಲಿ ಒಂದೂ ಹೆಣ್ಣಿನದಲ್ಲ.

ಪಕ್ಷದವರನ್ನು ಕೇಳಿದರೆ ‘ಗೆಲ್ಲುವ ಹೆಣ್ಣುಮಕ್ಕಳು ಸಿಗಬೇಕಲ್ಲ’ ಎಂಬ ಮಾತು ಸಿದ್ಧವಾಗಿರುತ್ತದೆ. ಈ ಮಾತು ನಿಜವಲ್ಲ. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ರೂಪಿಸಿದ ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ 1987ರಷ್ಟು ಹಿಂದೆಯೇ ಮಂಡಲ ಪಂಚಾಯಿತಿಗಳ ಕಾಲು ಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. 2010ರಲ್ಲಿ ಪಂಚಾಯಿತಿಗಳ ಮಹಿಳಾ ಮೀಸಲಾತಿ ಅರ್ಧಕ್ಕೇರಿತು. ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟರಿನಿಂದ ಹಿಡಿದು ನರೇಗಾ ಬಿಲ್ಲಿನವರೆಗೆ ಅಧಿಕಾರಿಗಳ ಜೊತೆ ಗುದ್ದಾಡಿ ಪಳಗಿದ ಸದಸ್ಯೆಯರಿದ್ದಾರೆ. ಅಧ್ಯಕ್ಷೆಯ ಪಕ್ಕದಲ್ಲಿ ಗಂಡ ಕೂತು ಆಡಳಿತ ನಡೆಸುವುದೂ ಉಂಟು. ಅದನ್ನೇ ನೆಪ ಮಾಡಿಕೊಂಡು ಪಳಗಿದವರನ್ನೂ ಬದಿಗೆ ಸರಿಸುವುದು ಅನ್ಯಾಯ.

ಇವರು ವಿಧಾನಸಭೆಗೆ ಏರುವ ದಾರಿ ಕಡಿದುಹೋಗುವುದು ಪಕ್ಷಗಳು ಬಿ ಫಾರಂ, ಅಂದರೆ ಅಧಿಕೃತ ಟಿಕೆಟ್, ಹಂಚುವ ಜಾಗದಲ್ಲಿ. 2023ರಲ್ಲಿ ಹಾಸನ ಕ್ಷೇತ್ರದ ಜೆಡಿಎಸ್ ಟಿಕೆಟ್ಟಿಗಾಗಿ ನಡೆದ ಜಗ್ಗಾಟ ಎಲ್ಲರಿಗೂ ನೆನಪಿದೆ. ಪಕ್ಷದ ವರಿಷ್ಠ ದೇವೇಗೌಡರ ಸೊಸೆ, ಎಚ್.ಡಿ. ರೇವಣ್ಣನವರ ಪತ್ನಿ, ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿದ್ದ ಭವಾನಿ ರೇವಣ್ಣ ಬಹಿರಂಗವಾಗಿಯೇ ಟಿಕೆಟ್ ಬಯಸಿದರು. ಮೈದುನ ಕುಮಾರಸ್ವಾಮಿ ಒಪ್ಪಲಿಲ್ಲ, ಟಿಕೆಟ್ ಎಚ್.ಪಿ. ಸ್ವರೂಪ್ ಅವರಿಗೆ ಹೋಯಿತು, ಅವರು ಗೆದ್ದರು. ಕುಟುಂಬ ರಾಜಕಾರಣಕ್ಕೆ ಕಡಿವಾಣ ಬಿತ್ತೆಂದು ಹೊಗಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ವರೂಪ್ ಅದೇ ಕ್ಷೇತ್ರದ ಶಾಸಕರಾಗಿದ್ದ ಎಚ್.ಎಸ್. ಪ್ರಕಾಶ್ ಅವರ ಮಗ. ಅದೇ ಚುನಾವಣೆಯಲ್ಲಿ ರೇವಣ್ಣ ಹೊಳೆನರಸೀಪುರದಲ್ಲಿ, ಕುಮಾರಸ್ವಾಮಿ ಚನ್ನಪಟ್ಟಣದಲ್ಲಿ, ಅವರ ಮಗ ನಿಖಿಲ್ ರಾಮನಗರದಲ್ಲಿ ನಿಂತರು. ಆಗ ರಾಮನಗರದ ಶಾಸಕಿಯಾಗಿದ್ದ, ಕುಮಾರಸ್ವಾಮಿಯವರ ಪತ್ನಿ ಅನಿತಾ ಕುಮಾರಸ್ವಾಮಿ ಮಗನಿಗಾಗಿ ಕ್ಷೇತ್ರ ಬಿಟ್ಟುಕೊಟ್ಟರು, ಮಗ ಸೋತರು. ಕಡಿವಾಣ ಬಿದ್ದದ್ದು ಮನೆಗೆ ಬಂದ ಸೊಸೆಯಂದಿರಿಗೆ.

ಎದುರು ಪಾಳೆಯದ ಕಥೆ ಇದಕ್ಕಿಂತ ಬೇರೆಯಲ್ಲ. ಕಾಂಗ್ರೆಸ್ ಮುಖಂಡರಾಗಿದ್ದ ಜಿ. ಪುಟ್ಟಸ್ವಾಮಿಗೌಡರ ಸೊಸೆ ಅನುಪಮಾ ಮಹೇಶ್ 2008ರಲ್ಲೂ 2013ರಲ್ಲೂ ರೇವಣ್ಣನವರ ವಿರುದ್ಧ ಹೊಳೆನರಸೀಪುರದಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು. ಗೆಲ್ಲುವುದು ಕಷ್ಟವಿದ್ದ ಕಾಲದಲ್ಲಿ ಆ ಕ್ಷೇತ್ರದಲ್ಲಿ ಪಕ್ಷದ ಬಾವುಟ ಹಿಡಿದವರು ಅವರು. ಮುಂದೆ ಅವರ ಮಗ ಶ್ರೇಯಸ್ ಪಟೇಲ್ 2023ರಲ್ಲಿ ಅಲ್ಲೇ ಅಲ್ಪ ಅಂತರದಲ್ಲಿ ಸೋತು, 2024ರಲ್ಲಿ ಹಾಸನದ ಸಂಸದರಾದರು. ಬೇಲೂರಿನಲ್ಲಿ 2018ರಲ್ಲಿ ಕೀರ್ತನಾ ರುದ್ರೇಶಗೌಡರಿಗೆ ಟಿಕೆಟ್ ಸಿಕ್ಕಿದ್ದು ಶಾಸಕರಾಗಿದ್ದ ಪತಿ ತೀರಿಕೊಂಡ ಮೇಲೆ. ಸೋಲುವ ಕಡೆ ನಿಲ್ಲಲು, ತೆರವಾದ ಜಾಗ ತುಂಬಲು, ಮಗ ಬೆಳೆಯುವವರೆಗೆ ಕಾಯಲು ಹೆಣ್ಣು ಬೇಕು. ಇನ್ನು ದೊಡ್ಡ ಮನೆಯ ಹೆಸರಿಲ್ಲದ ಪಂಚಾಯಿತಿ ಸದಸ್ಯೆಯ ಪಾಡೇನು?

ಸ್ಥಳೀಯ ಸಂಸ್ಥೆಯಿಂದ ಮೇಲೇರುವ ದಾರಿ ಬೇರೆಡೆ ಉಂಟು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಲ್ಯಾಟಿನಾ ಮಹಿಳೆಯೊಬ್ಬರು, ಮಿಶೆಲ್ ಲುಹಾನ್ ಗ್ರಿಶಮ್, ಕೌಂಟಿ ಮಟ್ಟದ ಸದಸ್ಯತ್ವದಿಂದ ಸಂಸತ್ತಿಗೆ, ಅಲ್ಲಿಂದ 2019ರಲ್ಲಿ ರಾಜ್ಯದ ಚುನಾಯಿತ ಗವರ್ನರ್ ಹುದ್ದೆಗೆ ಏರಿದರು. ಅವರೂ ಹೆಸರುವಾಸಿ ಮನೆತನದವರೇ. ಆದರೆ ಅಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಮತದಾರರು ಪ್ರಾಥಮಿಕ ಚುನಾವಣೆಯಲ್ಲಿ (ಪ್ರೈಮರಿ) ತೀರ್ಮಾನಿಸುತ್ತಾರೆ, ಮನೆಯ ಹಿರಿಯರಲ್ಲ.

ನಮ್ಮಲ್ಲಿ ನಡುವಿನ ಮೆಟ್ಟಿಲನ್ನೂ ಕಿತ್ತುಹಾಕಲಾಗಿದೆ. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸದೆ, ಸರ್ಕಾರಗಳು ಆಡಳಿತವನ್ನು ಅಧಿಕಾರಿಗಳ ಕೈಯಲ್ಲಿಟ್ಟವು. 2024ರಲ್ಲಿ ಆಗಿನ ಹಾಸನ ಸಂಸದ, ರೇವಣ್ಣನವರ ಮಗ ಪ್ರಜ್ವಲ್ ರೇವಣ್ಣ ವಿರುದ್ಧದ ಲೈಂಗಿಕ ದೌರ್ಜನ್ಯದ ಪ್ರಕರಣ ಹೊರಬಿದ್ದು ಜಿಲ್ಲೆಯ ಹೆಣ್ಣುಮಕ್ಕಳ ಸಂಕಟ ದೇಶದ ಬಾಯಿಗೆ ಬಿದ್ದಾಗ, ಅವರ ಪರ ಎದ್ದು ನಿಲ್ಲಲು ಜಿಲ್ಲೆಯಿಂದ ಒಬ್ಬ ಶಾಸಕಿಯೂ ಇರಲಿಲ್ಲ. ಜಿಲ್ಲಾ ಪಂಚಾಯಿತಿಯಲ್ಲಿ ಒಬ್ಬ ಸದಸ್ಯೆಯೂ ಇರಲಿಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂಬ ಮಸೂದೆ ಮೊದಲು ಲೋಕಸಭೆಗೆ ಬಂದದ್ದು 1996ರಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದಾಗ. ಅವರಿಗೆ ಆ ಗೌರವ ಸಲ್ಲಲೇಬೇಕು. ಕಾಯ್ದೆಯಾಗಲು 2023 ಬರಬೇಕಾಯಿತು, ಅದೂ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಷರತ್ತಿನೊಂದಿಗೆ. ಆದರೆ ಏಳರಲ್ಲಿ ಎರಡು ಬಿ ಫಾರಂಗಳನ್ನು ಪಂಚಾಯಿತಿಯಲ್ಲಿ ದುಡಿದ ಹೆಣ್ಣುಮಕ್ಕಳಿಗೆ ಕೊಡಲು ಯಾವ ಪಕ್ಷಕ್ಕೂ ಯಾವ ಜನಗಣತಿಯೂ ಬೇಕಿಲ್ಲ.