ವಯಸ್ಕ ಸಂಸ್ಕಾರಗಳೂ ಜನಾಂಗ ವಿವರಣ ಗ್ರಂಥಗಳೂ: ಒಂದು ವಿಮರ್ಶೆ

ಬಾಲ್ಯವನ್ನು ದಾಟಿದ ಹುಡುಗ ಹುಡುಗಿಯರನ್ನು ಸಮಾಜವು ತನ್ನೊಳಗೆ ಸೇರಿಸಿಕೊಳ್ಳುವ ಬಗೆಯನ್ನು ತಿಳಿಯಬಯಸುವ ವಿದ್ಯಾರ್ಥಿಗಳು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಗ್ರಂಥಗಳನ್ನು ಆಶ್ರಯಿಸುತ್ತಾರೆ: 1909ರಲ್ಲಿ ಏಳು ಸಂಪುಟಗಳಾಗಿ ಹೊರಬಂದ ಎಡ್ಗರ್ ಥರ್ಸ್ಟನ್ನರ ಗ್ರಂಥ, ಎಚ್. ವಿ. ನಂಜುಂಡಯ್ಯನವರು ಆರಂಭಿಸಿ, ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿ, ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ 1935ರವರೆಗೆ ಪ್ರಕಟಿಸಿದ ನಾಲ್ಕು ಸಂಪುಟಗಳು. ಇವುಗಳ ಉಪಕಾರ ದೊಡ್ಡದು. ಆದರೆ ಇವುಗಳ ವಿಧಾನದಲ್ಲಿ ಒಂದು ಕೊರತೆಯಿದೆ.

ಕಡೂರು, ತರೀಕೆರೆ, ಮತ್ತು ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ, ಇವು ಅಮೃತಮಹಲ್ ಕಾವಲುಗಳ ನಾಡು. ಇಲ್ಲಿಯ ಹಟ್ಟಿಗಳಲ್ಲಿ ಕಾಡುಗೊಲ್ಲರು ನೆಲಸಿದ್ದಾರೆ. ಪೂರ್ವಕ್ಕೆ ಸಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರುಗಳನ್ನು ಹೊಕ್ಕರೆ ಮ್ಯಾಸಬೇಡರ ಹಟ್ಟಿಗಳು ದೊರೆಯುತ್ತವೆ. ದೇವರ ದನಗಳು, ಕಟ್ಟೆಮನೆಯ ನ್ಯಾಯ, ಕೋಳಿಯ ನಿಷೇಧ, ಇವು ಎರಡು ಜನಾಂಗಗಳಿಗೂ ಸಮಾನ. ಎರಡೂ ಪಶುಪಾಲಕ ಸಂಸ್ಕೃತಿಯ ಕವಲುಗಳೆಂಬುದು ಸ್ಪಷ್ಟ. ಆದರೂ ಅಕ್ಷರಾನುಕ್ರಮವನ್ನು ಹಿಡಿದ ಗ್ರಂಥಗಳಲ್ಲಿ ಬೇಡರು ಒಂದೆಡೆ, ಗೊಲ್ಲರು ಮತ್ತೊಂದೆಡೆ. ನೆಲದಲ್ಲಿ ನೆರೆಯವರಾದವರು ಪುಟದಲ್ಲಿ ಅಪರಿಚಿತರಾಗುತ್ತಾರೆ.

ಇದರ ಫಲವೇನು? ಮ್ಯಾಸಬೇಡರ ಹುಡುಗರಿಗೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ಸುನ್ನತಿ ನಡೆಯುತ್ತಿತ್ತೆಂಬುದು ಹಳೆಯ ವರದಿಗಳಲ್ಲಿ ವಿಚಿತ್ರವೆಂಬಂತೆ ದಾಖಲಾಗಿದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದುದಕ್ಕೆ ಇದನ್ನು ಜೋಡಿಸುವುದು ಸುಲಭ. ಆದರೆ ಆ ಸೋಲಿನ ಪೆಟ್ಟು ಊರಬೇಡರಿಗೂ ತಗುಲಿತ್ತು. ಪದ್ಧತಿಯು ಮಾತ್ರ ಮ್ಯಾಸಬೇಡರ ವಿಶೇಷವೆಂದು ಹೇಳಲಾಗಿದೆ. ಆದುದರಿಂದ ಆ ಊಹೆಯೊಂದೇ ಸಾಲದು. ಹಟ್ಟಿಯ ಇತರ ಕಟ್ಟುಪಾಡುಗಳೊಡನೆ ಇದನ್ನು ಇಟ್ಟು ನೋಡಬೇಕಿತ್ತು.

ಕಾಡುಗೊಲ್ಲರ ಹುಡುಗಿ ಮೈನೆರೆದಾಗ ಆಕೆಯನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿಯದೂ ಇದೇ ಗತಿ. ಹಸಿ ಸೊಪ್ಪಿನ ಗುಡಿಸಲು ಗೊಲ್ಲರಿಗೆ ಮಾತ್ರ ಸೇರಿದುದಲ್ಲ. ಹಳೆಯ ಮೈಸೂರು ಪ್ರಾಂತದ ಹಲವು ಜಾತಿಗಳಲ್ಲಿ ಸೋದರಮಾವನು ಅದನ್ನು ಕಟ್ಟುತ್ತಿದ್ದನು. ಅಲ್ಲಿ ಗುಡಿಸಲು ಮನೆಯ ಬಳಿಯಲ್ಲಿ, ಇಲ್ಲಿ ಬೇಲಿಯ ಆಚೆ. ಕಾಡುಗೊಲ್ಲರಿಗೆ ಹಟ್ಟಿಯೇ ದೇವರ ನೆಲೆಯಾದುದರಿಂದ ಮನೆಗೂ ಗುಡಿಗೂ ನಡುವೆ ಗೆರೆಯಿಲ್ಲ. ಇದನ್ನು ಬರಿಯ 'ಮೈಲಿಗೆ' ಎಂದು ಬರೆದುಕೊಂಡವರು ವ್ಯತ್ಯಾಸದ ಕಾರಣವನ್ನು ಕಾಣಲಿಲ್ಲ. ಹುಡುಗನ ಸಂಸ್ಕಾರವು ವಿದ್ವಾಂಸರ ಕುತೂಹಲಕ್ಕೆ ವಿಷಯವಾಯಿತು. ಹುಡುಗಿಯದು ಶೌಚಾಶೌಚದ ಪಟ್ಟಿಗೆ ಸೇರಿತು. ಚಳಿಮಳೆಯಲ್ಲಿ ಆಕೆ ಪಟ್ಟ ಪಾಡು ಯಾವ ಶೀರ್ಷಿಕೆಗೂ ಒಳಪಡಲಿಲ್ಲ.

ಇದು ಪಂಡಿತರ ಚರ್ಚೆಗೆ ಮಾತ್ರ ಸಂಬಂಧಿಸಿದ ಮಾತಲ್ಲ. 1965ರ ಲೋಕೂರ್ ಸಮಿತಿಯು ಪರಿಶಿಷ್ಟ ಪಂಗಡವನ್ನು ಗುರುತಿಸಲು 'ಆದಿಮ ಲಕ್ಷಣ', ವಿಶಿಷ್ಟ ಸಂಸ್ಕೃತಿ ಮುಂತಾದ ಅಳತೆಗೋಲುಗಳನ್ನು ನೀಡಿತು. ಕರ್ನಾಟಕದ 2017ರ ಅಮಾನವೀಯ ದುಷ್ಟಪದ್ಧತಿಗಳ ಪ್ರತಿಬಂಧಕ ಅಧಿನಿಯಮವು ಋತುಮತಿಯನ್ನೂ ಗರ್ಭಿಣಿಯನ್ನೂ ಬಲವಂತವಾಗಿ ಪ್ರತ್ಯೇಕವಾಗಿಡುವುದನ್ನು ನಿಷೇಧಿಸಿತು. ಪಂಗಡದ ಮನ್ನಣೆಯನ್ನು ಕೇಳುತ್ತ ಬಂದ ಕಾಡುಗೊಲ್ಲರು ಒಂದು ಕಚೇರಿಯಲ್ಲಿ ಈ ಆಚಾರವನ್ನು ಸಾಕ್ಷ್ಯವಾಗಿ ತೋರಬೇಕು, ಇನ್ನೊಂದರಲ್ಲಿ ಅದನ್ನು ಬಿಟ್ಟೆವೆಂದು ಹೇಳಬೇಕು. ಈ ಇಕ್ಕಟ್ಟಿಗೆ ಗ್ರಂಥಗಳೂ ಭಾಗಿಗಳು. ಜನಾಂಗವನ್ನು ಒಂದು ಆಚಾರದಿಂದ ಗುರುತಿಸುವ ಅಭ್ಯಾಸವನ್ನು ಬೆಳೆಸಿದವು ಅವೇ.

ಆಚಾರವನ್ನು ಅರ್ಥಮಾಡಿಕೊಳ್ಳುವುದು ಬೇರೆ, ಸಮರ್ಥಿಸುವುದು ಬೇರೆ. ಗುಡಿಸಲು ಇಲ್ಲವಾದರೂ ಕಾವಲು, ಕಟ್ಟೆಮನೆ, ದೇವರ ದನಗಳ ನೆನಪು ಅಳಿಯಬೇಕಾಗಿಲ್ಲ. ಮುಂದಿನ ಸಂಶೋಧಕರು ವರ್ಣಮಾಲೆಯನ್ನು ಬಿಟ್ಟು ನೆಲದ ನೆರೆಹೊರೆಯನ್ನು ಅನುಸರಿಸಲಿ. ಹಟ್ಟಿಯ ಹಿರಿಯರ ಹೇಳಿಕೆಯೊಡನೆ ಬೇಲಿಯ ಆಚೆ ಕುಳಿತಿದ್ದವಳ ಮಾತನ್ನೂ ಬರೆದುಕೊಳ್ಳಲಿ.